ಯಾರನ್ನೂ ನಂಬದ ಕಾಕಾ ಹೊಳೆ ದಾಟಿದ್ದು

ನಮ್ಮ ಕಾಕಾ ತನ್ನ ಜೀವಮಾನದಲ್ಲಿ ಪೂರ್ತಿಯಾಗಿ ನಂಬಿದ್ದು ಎತ್ತಿನ ಹಲ್ಲನ್ನು ಮಾತ್ರ. ಗಮನಿಸಿ, ಎತ್ತನ್ನಲ್ಲ, ಅದರ ಹಲ್ಲನ್ನು. ಎತ್ತು ಮೋಸ ಮಾಡಬಹುದು, ಎತ್ತಿನ ಮಾಲೀಕ ಮಾಡಿಯೇ ಮಾಡುತ್ತಾನೆ, ಆದರೆ ಬಾಯಿ ಬಿಡಿಸಿ ನೋಡಿದ ಹಲ್ಲು ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಸಿದ್ಧಾಂತ. ಉಳಿದಂತೆ ಬಸ್ಸು, ಬಸ್ಸಿನ ಬೋರ್ಡು, ಕಂಡಕ್ಟರ್, ಮೈಲಿಗಲ್ಲು, ಚಹಾ, ಚಹಾ ಕೊಡುವವನು, ಪಕ್ಕದ ಸೀಟಿನವನು, ಆ ಪಕ್ಕದ ಸೀಟಿನವನ ಕಾಲ ಕೆಳಗಿನ ಚೀಲ, ಇವೆಲ್ಲ ಬೇರೇನಾದರೂ ಸಾಬೀತಾಗುವವರೆಗೆ ಕಳ್ಳರ ಪಕ್ಷವೇ. ಇಂಥ ಮನುಷ್ಯ ಮನೆಯಲ್ಲಿ ಬೆಚ್ಚಗೆ ಕೂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ದೇವರ ತಮಾಷೆ ನೋಡಿ, ಅವನ ಕಸುಬು ಎತ್ತಿನ ದಲ್ಲಾಳಿ. ಇವತ್ತು ಚಿಕ್ಕೋಡಿಯ ದನದ ಪೇಟೆ, ನಾಳೆ ಅಥಣಿ, ಮತ್ತೊಂದು ದಿನ ನಿಪ್ಪಾಣಿ. ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆಯೇ ಬದುಕು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಾಕಾನ ಮನೆಯಲ್ಲಿದ್ದುಕೊಂಡು ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದೆ. ಸೂಟಿ ಸಿಕ್ಕರೆ ಸಾಕು, ಅವನು ನನ್ನನ್ನೂ ಹೊರಡಿಸುತ್ತಿದ್ದ. ಎತ್ತಿನ ವ್ಯವಹಾರ ಕಲಿಸಲಿಕ್ಕೆ ಎಂದು ನಾನು ತಿಳಿದಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಕಲಸಾಕಲ್ಲೋ ಕಾಲೇಜಾ," ಎಂದ. ನನಗೆ ಅವನಿಟ್ಟ ಹೆಸರೇ ಅದು. "ರಸ್ತೇದಾಗ ಏನರ ಆತಂದ್ರ ಮನ್ಯಾಗ ಬಂದ್ ಸರಿಯಾಗಿ ಹೇಳಾಕ ಒಬ್ಬ ಕಲತಾಂವ ಬೇಕಲ್ಲ."

ಅಂದರೆ ನಾನು ಮುಂಗಡವಾಗಿ ನೇಮಕಗೊಂಡ ಸಾಕ್ಷಿ.

ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಬಸ್ಸು ಹತ್ತುವ ಪದ್ಧತಿಯನ್ನು ನೀವು ನೋಡಬೇಕಿತ್ತು. ಅವನಿಗೆ ಓದಲು ಬರುತ್ತಿತ್ತು. ಬೋರ್ಡಿನ ಮೇಲೆ ಅಥಣಿ ಎಂದು ಬರೆದದ್ದು ಕಾಣುತ್ತಿತ್ತು. ಆದರೂ ಬೋರ್ಡು ತಗಡು, ತಗಡನ್ನು ಯಾರು ಬೇಕಾದರೂ ತಿರುಗಿಸಿ ಹಾಕಬಹುದು. ಆದ್ದರಿಂದ ಕಂಡಕ್ಟರನನ್ನು ಕೇಳುತ್ತಿದ್ದ. ಕಂಡಕ್ಟರ್ ಸರಕಾರದವನು, ಅವನ ಮಾತಿಗೆ ಏನು ಬೆಲೆ? ಆದ್ದರಿಂದ ಒಳಗೆ ಕೂತವರನ್ನು ಕಿಟಕಿಯಿಂದ ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದ. ಒಮ್ಮೆ ಹಾಗೆ ಕೇಳಿದವರೆಲ್ಲ ಒಂದೇ ಸ್ವರದಲ್ಲಿ "ಅಥಣಿಗೆ ಹೋಗತೈತ್ರಿ" ಎಂದರು. ಕಾಕಾ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

"ಬ್ಯಾಡ. ಎಲ್ಲಾರೂ ಒಂದs ಮಾತ ಹೇಳಾಕತ್ತಾರ. ಎಲ್ಲೋ ಏನೋ ಐತಿ."

ಆ ಬಸ್ಸು ಹೋಯಿತು. ಮುಂದೆ ಬಂದ ಬಸ್ಸಿಗೆ ಬೋರ್ಡೇ ಇರಲಿಲ್ಲ. ಒಳಗೆ ಇಬ್ಬರು ಅದು ಎಲ್ಲಿಗೆ ಹೋಗುತ್ತದೆಂದು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ಕಾಕಾನ ಮುಖ ಅರಳಿತು. "ಜಗಳ ಇದ್ದಲ್ಲಿ ಖರೆ ಇರತೈತಿ, ಹತ್ತು" ಎಂದ. ಆ ಖರೆ ನಮ್ಮನ್ನು ಸೀದಾ ನಿಪ್ಪಾಣಿಗೆ ಒಯ್ದಿತು. ಇಳಿದ ಮೇಲೆ ಗಾಳಿಯಲ್ಲಿ ತುಂಬಿದ್ದ ತಂಬಾಕಿನ ಘಾಟಿಗೆ ಸೀನುತ್ತಾ, ತನಗೆ ಮೊದಲಿನಿಂದಲೂ ನಿಪ್ಪಾಣಿಯಲ್ಲೇ ಕೆಲಸವಿತ್ತು ಎಂದು ಸಾಧಿಸಿದ.

ಇಷ್ಟಕ್ಕೆ ಮುಗಿಯಿತೇ? ಬಸ್ಸು ಯಾವ ಊರಿನದೆಂದು ಖಾತ್ರಿಯಾದ ಮೇಲೆ ಅದರ ಆರೋಗ್ಯದ ಪರೀಕ್ಷೆ. ಬಗ್ಗಿ ಟೈರನ್ನು ಸವರಿ, ಉಗುರಿನಿಂದ ಕೆರೆದು, "ಹಲ್ಲ ಪೂರಾ ಸವದಾವು, ಮುದಿ ಆಗೇತಿ" ಎಂದು ಗಟ್ಟಿಯಾಗಿ ಷರಾ ಹೇಳುತ್ತಿದ್ದ. ರಾಯಬಾಗದಲ್ಲಿ ಒಬ್ಬ ಡ್ರೈವರ್ ತಾಳಲಾರದೆ ಕಿಟಕಿಯಿಂದ ತಲೆ ಹೊರಹಾಕಿದ.

"ಕಾಕಾರ, ಬಾಲಾ ಎತ್ತಿ ನೋಡ್ರಿ ಬೇಕಾದ್ರ. ಒದಿಯೂದಿಲ್ಲ ನಂದು."

ನಾನು ನಾಚಿ ಬೇರೆ ಕಡೆ ನೋಡಿದೆ. ತಿರುಗಿ ನೋಡಿದಾಗ ಕಾಕಾ ಅಲ್ಲಿರಲಿಲ್ಲ. ನಿಜಕ್ಕೂ ಬಸ್ಸಿನ ಹಿಂದಕ್ಕೆ ಹೋಗಿ, ಹೊಗೆ ಬಿಡುವ ಕೊಳವೆಯನ್ನು ಬಗ್ಗಿ ನೋಡುತ್ತಿದ್ದ.

ಚಹಾದ ಅಂಗಡಿಯಲ್ಲಿ ಇನ್ನೊಂದು ಬಗೆ. ಪ್ರಯಾಣಿಕರಿಗೆ ಚಹಾದಲ್ಲಿ ಮತ್ತಿನ ಔಷಧಿ ಬೆರೆಸಿ ಗಂಟು ಹೊಡೆಯುವವರ ಕಥೆಯನ್ನು ಯಾವುದೋ ಪೇಟೆಯಲ್ಲಿ ಕೇಳಿ ಬಂದಿದ್ದ. ಅಂದಿನಿಂದ ಎರಡು ಕಪ್ಪು ಬಂದ ತಕ್ಷಣ ತನ್ನದನ್ನು ನನ್ನ ಮುಂದಿಟ್ಟು ನನ್ನದನ್ನು ತಾನು ಕುಡಿಯುತ್ತಿದ್ದ. ಪ್ರೀತಿ ಎಂದುಕೊಂಡು ಎಷ್ಟೋ ತಿಂಗಳು ಕುಡಿದೆ. ವಿಷಯ ತಿಳಿದ ದಿನ ನನಗೆ ಸಿಟ್ಟೇ ಬಂತು.

"ಅಲ್ಲ ಕಾಕಾ, ಔಷಧ ಹಾಕಿದ್ರ ನಾ ಬೀಳತಿದ್ನಲ್ಲ?"

"ನೀ ಬಿದ್ರ ನಾ ಎತಗೊಂಡ್ ಬರತೀನಿ. ನಾ ಬಿದ್ರ ನನ್ನ ಯಾರ ಎತ್ತಾವ್ರು? ನಿನಗ ಆ ಪುಸ್ತಕದ ಚೀಲಾನs ಭಾರ ಆಕ್ಕೈತಿ."

ಉತ್ತರವೇನೋ ಸರಿಯಾಗಿಯೇ ಇತ್ತು. ಅದೇ ತೊಂದರೆ. ಅವನ ಅನುಮಾನಗಳಿಗೆಲ್ಲ ಇಂಥದೊಂದು ಸರಿಯಾದ ಕಾರಣ ಇರುತ್ತಿತ್ತು.

ಎತ್ತು, ಬಸ್ಸು, ಚಹಾ, ಇವುಗಳ ಮಟ್ಟಿಗೆ ನಾವು ನಗಬಹುದಿತ್ತು. ಮಗಳ ಮದುವೆಯ ಮಾತು ಬಂದಾಗ ನಗು ನಿಂತುಹೋಯಿತು. ಅವನಿಗೆ ಒಬ್ಬಳೇ ಮಗಳು, ನನಗೆ ತಂಗಿ. ನಿಪ್ಪಾಣಿ ಕಡೆಯಿಂದ ಮೊದಲ ಸಂಬಂಧ ಬಂತು. ಕಾಕಾ ಹುಡುಗನಿಗೆ ಅಂಗಳದಲ್ಲಿ ಅತ್ತಿಂದಿತ್ತ ನಡೆದು ತೋರಿಸಲು ಹೇಳಿದ. ಪಾಪ, ಅವನು ನಡೆದ. "ಎಡಗಾಲ ಸ್ವಲ್ಪ ಎಳೀತಾನ" ಎಂದು ಕಾಕಾ ಬೀಗರ ಎದುರಿಗೇ ತೀರ್ಪು ಕೊಟ್ಟ. ಅವರು ಅವಲಕ್ಕಿ ಮುಟ್ಟದೆ ಎದ್ದರು. ಅಥಣಿಯ ಹುಡುಗನಿಗೆ ಇನ್ನೂ ಕಠಿಣ ಪರೀಕ್ಷೆ. ಎತ್ತಿನ ಕಣ್ಣು ಮಂಜಾಗಿದೆಯೋ ಇಲ್ಲವೋ ತಿಳಿಯಲು ದಲ್ಲಾಳಿಗಳು ಅದರ ಮುಖದ ಹತ್ತಿರ ಟವೆಲ್ ಬೀಸಿ, ರೆಪ್ಪೆ ಬಡಿಯುತ್ತದೋ ನೋಡುತ್ತಾರೆ. ಹುಡುಗ ತಲೆ ತಗ್ಗಿಸಿ ಲಾಡು ತಿನ್ನುತ್ತಿದ್ದಾಗ ಕಾಕಾ ಅದನ್ನೇ ಮಾಡಿದ. ರೆಪ್ಪೆ ಬಡಿಯಿತು, ಅದರಲ್ಲಿ ಹುಡುಗ ಪಾಸಾದ. ಸಂಬಂಧ ಮಾತ್ರ ಫೇಲಾಯಿತು.

ಮೂರನೆಯದು ಉಗಾರದಿಂದ ಬಂತು. ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಕಾಕಾ ಅಥಣಿಯ ಪೇಟೆಗೆ ಹೋಗಿದ್ದ ದಿನವನ್ನೇ ಆರಿಸಿ ಅವನ ಹೆಂಡತಿ, ನಮ್ಮ ಕಾಕು, ಅವರನ್ನು ಕರೆಸಿದಳು. ಬಂದವರೆಲ್ಲ ಅವಲಕ್ಕಿಯನ್ನು ಹೊಗಳಿದರೆ, ಆ ಹುಡುಗ ಮಾತ್ರ ಮೆಲ್ಲಗೆ, "ಉಪ್ಪ ಸ್ವಲ್ಪ ಕಮ್ಮಿ ಆಗೇತ್ರಿ" ಎಂದನಂತೆ. ಮಾಡಿದವಳು ನನ್ನ ತಂಗಿಯೇ. ಅವರು ಹೋದ ಮೇಲೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ನನಗೆ ಹೇಳಿದಳು.

"ಅಣ್ಣಾ, ಖರೆನs ಕಮ್ಮಿ ಆಗಿತ್ತು. ಅಂವಾ ಒಬ್ಬನs ಹೇಳಿದ." ಸ್ವಲ್ಪ ಹೊತ್ತು ರೊಟ್ಟಿ ತಿರುವಿದಳು. "ಈ ಸಲ ಅಪ್ಪ ಏನರ ಅಂದ್ರ ನಾ ಮತ್ತ ಯಾರ ಮುಂದೂ ಬಂದ್ ಕುಂಡ್ರೂದಿಲ್ಲ ನೋಡು."

ಅವಳು ಹಟದ ಹುಡುಗಿಯಲ್ಲ. ಅದಕ್ಕೇ ಆ ಮಾತು ನನ್ನನ್ನು ಹೆದರಿಸಿತು. ಕಾಕಾನ ಅಣ್ಣನಾದ ನಮ್ಮಪ್ಪ ಉಗಾರಕ್ಕೆ ಹೋಗಿ ಮಾತು ಮುಗಿಸಿ ಬಂದರು. ಶ್ರಾವಣದಲ್ಲಿ ಅಲ್ಲೇ ಹುಡುಗನ ಮನೆಯಲ್ಲಿ ನಿಶ್ಚಿತಾರ್ಥ ಎಂದಾಯಿತು. ಕಾಕಾ ಹುಡುಗನನ್ನು ಇನ್ನೂ ಕಣ್ಣಿಂದ ನೋಡಿರಲಿಲ್ಲ. ಕಾಕು ಗಂಡನನ್ನು ದೇವರ ಜಗುಲಿಯ ಮುಂದೆ ನಿಲ್ಲಿಸಿ, "ಅಲ್ಲಿ ಹೋಗಿ ಹುಡುಗನ್ನ ಒಂದ್ ಮಾತ ಕೇಳಿದ್ರೂ ನನ್ನ ಆಣಿ ಐತ್ರಿ" ಎಂದಳು. ಕಾಕಾ ದೇವರ ಕಡೆ, ಕಾಕುವಿನ ಕಡೆ ಅನುಮಾನದಿಂದ ನೋಡಿ ಆಣೆ ಮಾಡಿದ.

ಹೊರಟ ದಿನ ಬಿಸಿಲು ಚುರುಕಾಗಿತ್ತು. ರಾಯಬಾಗದಿಂದ ತರಿಸಿದ ಒಂದು ತೆರೆದ ಟೆಂಪೋ, ಹಿಂದೆ ಜಮಖಾನೆ ಹಾಸಿ ನಾವು ಇಪ್ಪತ್ತು ಮೂವತ್ತು ಜನ, ಹೆಚ್ಚಿನವರು ಹೆಂಗಸರು. ಕುಡಚಿ ದಾಟಿ ಹೊಳೆಯ ದಂಡೆಗೆ ಬಂದರೆ ಕೃಷ್ಣೆ ಏರಿ ನಿಂತಿದ್ದಳು. ನಮ್ಮ ಕಡೆ ಒಂದು ಹನಿ ಮಳೆ ಇಲ್ಲ, ಎಲ್ಲ ಘಟ್ಟದ ಮೇಲೆ ಬಿದ್ದ ನೀರು. ಅಲ್ಲಿಯ ಹಳೆಯ ಸೇತುವೆ ತಗ್ಗಿನದು. ಅದರ ಮೇಲೆ ಒಂದು ಗೇಣಿನಷ್ಟು ಕೆಂಪು ನೀರು ಹರಿಯುತ್ತಿತ್ತು. ಹೊಳೆ ತರುವ ಕಸಕಡ್ಡಿ ಸಿಕ್ಕಿಕೊಳ್ಳಬಾರದೆಂದು ಮಳೆಗಾಲದಲ್ಲಿ ಅದರ ಅಂಚಿನ ಕಂಬಿಗಳನ್ನು ಬಿಚ್ಚಿಡುತ್ತಿದ್ದರು.

"ನೀರ ಇಲ್ಲದಾಗ ಕಂಬಿ ಇರತಾವು, ನೀರ ಬಂದಾಗ ಕಂಬಿ ಇರೂದಿಲ್ಲ," ಎಂದ ಕಾಕಾ. "ಮ್ಯಾಲೆ ಮಳಿ ಇಲ್ಲ, ಕೆಳಗ ನೀರ ಐತಿ. ಇದರಾಗ ಏನೋ ಐತಿ. ನಾ ಬರೂದಿಲ್ಲ."

"ಈಗಿಂದೀಗ ಟ್ರ್ಯಾಕ್ಟರ್ ದಾಟಿ ಬಂತಲ್ರಿ ಕಾಕಾರ," ಎಂದ ಡ್ರೈವರ್.

"ಬಂದದ್ದನ್ನ ನೋಡಿದಿ. ಆ ಕಡಿಂದ ಎಷ್ಟ ಹೊಂಟಿದ್ವು, ನೋಡಿದೇನು?"

ಹೆಂಗಸರೆಲ್ಲ ನಕ್ಕರು. ಕಾಕು ನಗಲಿಲ್ಲ. "ನಿಶ್ಚೇ ಮುರ್ಯಾಕ ಇವರಿಗೆ ಹುಡುಗನs ಬೇಕಂತಿಲ್ಲ, ಹೊಳಿನೂ ನಡೀತೈತಿ" ಎಂದಳು. ನನ್ನ ತಂಗಿ ಇಳಿದು ನಿಂತಿದ್ದವಳು ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು ಮತ್ತೆ ಟೆಂಪೋ ಹತ್ತಿ ಕೂತಳು, ಅಷ್ಟೇ. ಕಾಕಾ ಅವಳನ್ನು ನೋಡಿದ. ಆಮೇಲೆ ಟೈರು ನೋಡದೆ, ಯಾರನ್ನೂ ಕೇಳದೆ ತಾನೂ ಹತ್ತಿ, ನೀರು ಹರಿದು ಬರುವ ಮೇಲ್ನೀರಿನ ಕಡೆಯ ಹಲಗೆಗೆ ಒರಗಿ ಕಣ್ಣು ಮುಚ್ಚಿಕೊಂಡ. ನಾನು ಹಿಂದಿನ ಬಾಗಿಲಿನ ಮೇಲೆ, ಕಾಲು ಇಳಿಬಿಟ್ಟು ಕೂತೆ.

ಈಗ ನಮ್ಮ ದೊಡ್ಡತ್ತೆಯ ವಿಷಯ ಹೇಳಬೇಕು. ಕಾಕಾನ ಅಕ್ಕ, ಎಲ್ಲ ಶಾಸ್ತ್ರಗಳ ಯಜಮಾನಿ. ಶುಭಕಾರ್ಯಕ್ಕೆ ಹೋಗುವವರು ತುಂಬಿದ ಹೊಳೆ ದಾಟುವಾಗ ಹೊಳೆಗೆ ಉಡಿ ತುಂಬಬೇಕು: ಖಣ, ಹಸಿರು ಬಳೆ, ಅರಿಷಿಣ ಕುಂಕುಮ, ಒಂದು ತೆಂಗಿನಕಾಯಿ. ದಂಡೆಯಲ್ಲೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ದಂಡೆಯ ನೀರು ದನ ತುಳಿದದ್ದು. ನಟ್ಟನಡುವೆ ಬಂದಾಗ ದೊಡ್ಡತ್ತೆ ಕ್ಯಾಬಿನ್ನಿನ ತಗಡು ಬಡಿದಳು.

"ನಿಲ್ಲಸೋ ಯಪ್ಪಾ. ಸ್ವಲ್ಪ ಆ ದಂಡಿಗೆ ತುಗೊ. ಕಾಯಿ ಸೀದಾ ಹೊಳ್ಯಾಗ ಬೀಳಬೇಕು."

ಡ್ರೈವರ್ ಚಿಕ್ಕ ವಯಸ್ಸಿನವನು. ತನ್ನ ತಾಯಿಯೂ ಹೀಗೇ ಮಾಡುತ್ತಾಳೆಂದು ಹೇಳಿ ಟೆಂಪೋವನ್ನು ಕೆಳನೀರಿನ ಅಂಚಿಗೆ ಸರಿಸಿ ನಿಲ್ಲಿಸಿದ. ಕೆಳನೀರಿನ ಅಂಚೇ ಏಕೆ? ಮೇಲ್ನೀರಿಗೆ ಬಿಟ್ಟರೆ ಕಾಯಿ ತೇಲಿ ಬಂದು ಗಾಲಿಗೆ ಸಿಗುತ್ತದೆ, ದೇವರಿಗೆ ಕೊಟ್ಟದ್ದನ್ನು ತುಳಿದಂತಾಗುತ್ತದೆ. ಎಷ್ಟು ವಿಚಾರ ಮಾಡಿದ್ದರು ನೋಡಿ. ಉಡಿ ಬಿಡುವವಳು ದೊಡ್ಡತ್ತೆ ಒಬ್ಬಳೇ ಆದರೂ ಕೈಮುಗಿಯಲು, ಕುಂಕುಮ ಎರಚಲು, ನಾಣ್ಯ ಒಗೆಯಲು ಟೆಂಪೋದಲ್ಲಿದ್ದವರೆಲ್ಲ ಎದ್ದು ಆ ಒಂದೇ ಬದಿಗೆ ಮುಗಿಬಿದ್ದರು.

ನಾನು ಕೆಳಗೆ ನೋಡಿದೆ. ನೋಡಬಾರದಿತ್ತು. ಹಿಂದಿನ ಗಾಲಿಯ ಅರ್ಧ ಭಾಗದ ಕೆಳಗೆ ಸೇತುವೆ ಇರಲಿಲ್ಲ. ಕೆಂಪು ನೀರು ಅಂಚಿನಿಂದ ಗಾಜಿನ ಹಾಳೆಯಂತೆ ಬಾಗಿ ಕೆಳಗೆ ಬೀಳುತ್ತಿತ್ತು. ಅದರ ಮೇಲೆ ಆ ಗಾಲಿ ಇಷ್ಟಿಷ್ಟೇ ಜಾರುತ್ತಿತ್ತು. ಎದುರಿನ ಬದಿಯ ಗಾಲಿಯ ಸುತ್ತ ಸುಳಿಯುತ್ತಿದ್ದ ನೀರು ಗಾಲಿಯ ಕೆಳಗೇ ನುಸುಳಲು ಶುರುಮಾಡಿತು. ಅಂದರೆ ಆ ಗಾಲಿ ಎದ್ದಿತ್ತು. ಸಾಕ್ಷಿ ಹೇಳಲೆಂದೇ ನೇಮಕವಾದ ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಈಗಲೂ ಎಷ್ಟೋ ಸಲ ಬಸ್ಸಿನಲ್ಲಿ ತೂಕಡಿಸುವಾಗ ನಾನು ಅಲ್ಲೇ ಕೂತಿರುತ್ತೇನೆ, ಆ ಗಾಲಿ ಜಾರುತ್ತಿರುತ್ತದೆ, ನಾನು ಕೂಗುವುದೇ ಇಲ್ಲ.

ಕಾಕಾನಿಗೆ ಬೆನ್ನಿಗೆ ಒರಗಿದ್ದ ಹಲಗೆ ಏಳುವುದು ಗೊತ್ತಾಗಿರಬೇಕು. ಕಣ್ಣು ಬಿಟ್ಟ.

"ಗಾಡಿ ವಾಲೇತಿ. ಎಲ್ಲಾರೂ ಈ ಕಡೆ ಬರ್ರಿ."

"ಶುರು ಆತ ನೋಡವಾ," ಎಂದಳು ಕಾಕು, ತಿರುಗಿ ಕೂಡ ನೋಡದೆ.

"ಖರೇನ ವಾಲೇತಿ, ಬರ್ರಿ."

"ತಮ್ಮಾ, ಉಡಿ ಬಿಡೂ ಹೊತ್ತಿನ್ಯಾಗರ ಬಾಯಿ ಮುಚಗೊಂಡ್ ಕುಂಡ್ರೋ," ಎಂದಳು ದೊಡ್ಡತ್ತೆ. ಯಾರೋ ನಕ್ಕರು. ಇನ್ನೂ ಇಬ್ಬರು ಅತ್ತ ಕಡೆಗೆ ಒತ್ತಿದರು.

ಇಪ್ಪತ್ತು ವರ್ಷ ಎಲ್ಲ ಬಸ್ಸಿನಲ್ಲೂ "ಇದು ಉರುಳತೈತಿ" ಎಂದು ಹೇಳುತ್ತಾ ಬಂದವನ ಮಾತು, ನಿಜಕ್ಕೂ ಉರುಳುವ ಹೊತ್ತಿಗೆ ಸವೆದು ಹೋಗಿತ್ತು. ಅದು ಅವನಿಗೆ ಆ ಕ್ಷಣದಲ್ಲಿ ತಿಳಿಯಿತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ, ಅವನ ಮುಖ ನಾನು ನೋಡುತ್ತಿದ್ದೆ. ಅವನು ಕೂಗಲಿಲ್ಲ. ಕೈ ಬೀಸಲಿಲ್ಲ. ಮೇಲ್ನೀರಿನ ಕಡೆ ತಿರುಗಿ, ಪೇಟೆಯಲ್ಲಿ ಒಳ್ಳೆಯ ಹೋರಿ ಕಂಡಾಗ ತನ್ನಷ್ಟಕ್ಕೆ ಹೇಳಿಕೊಳ್ಳುವ ತಣ್ಣನೆಯ ದನಿಯಲ್ಲಿ ಅಂದ:

"ಅಬಬಬಬ. ಎಷ್ಟ ದೊಡ್ಡ ಮೊಸಳಿ."

ನಮ್ಮ ಜನ ಜೀವ ಉಳಿಸಿಕೊಳ್ಳಲು ಎದ್ದು ಬರಲಿಕ್ಕಿಲ್ಲ. ಮೊಸಳೆ ಎಂದರೆ ಮಾತ್ರ ಬಿಡುವುದುಂಟೇ? ಕಾಯಿ, ಕುಂಕುಮ, ಕೃಷ್ಣೆ, ಎಲ್ಲ ಬಿಟ್ಟು ಇಡೀ ಟೆಂಪೋ ಈ ಬದಿಗೆ ನುಗ್ಗಿತು. "ಎಲ್ಲೈತಿ, ಎಲ್ಲೈತಿ" ಎಂದು ಒಬ್ಬರ ಹೆಗಲ ಮೇಲೆ ಒಬ್ಬರು. ಎದ್ದಿದ್ದ ಗಾಲಿ ಧಡ್ ಎಂದು ಸೇತುವೆಗೆ ಕೂತಿತು. ಕಾಕಾ ಹಿಂಗೈಯಿಂದ ಕ್ಯಾಬಿನ್ನಿಗೆ ಒಂದು ಏಟು ಕೊಟ್ಟ. ಡ್ರೈವರ್ ಏನು ಕಂಡನೋ, ಏನು ಬಿಟ್ಟನೋ, ಗಾಡಿ ಒಮ್ಮೆ ನರಳಿ ಅಂಚಿನಿಂದ ನಡುವಿಗೆ ಬಂದು ಮುಂದೆ ಸಾಗಿತು. ಆ ದಂಡೆ ಬರುವವರೆಗೂ ಕಾಕಾ ಬೆರಳು ಚಾಚಿ "ಅಲ್ಲಿ ನೋಡ್ರಿ, ಮುಳಗಿತು. ಮತ್ತ ಎದ್ದಿತು" ಎನ್ನುತ್ತಲೇ ಇದ್ದ.

ದಂಡೆಯಲ್ಲಿ ಇಳಿದ ಹೆಂಗಸರಿಗೆ ಮೊಸಳೆಯ ಹೊರತು ಬೇರೆ ಮಾತಿಲ್ಲ. ಒಬ್ಬಳಿಗೆ ಅದು ಬಂಡಿಯಷ್ಟು ಉದ್ದವಿತ್ತು. ಇನ್ನೊಬ್ಬಳಿಗೆ ಅದರ ಮರಿಯೂ ಕಂಡಿತ್ತು. ದೊಡ್ಡತ್ತೆ ಬಾಯಿ ಕೂಡ ನೋಡಿದ್ದಳು.

"ಎಷ್ಟ ಹಲ್ಲಿನದಿತ್ತೋ ತಮ್ಮಾ?" ಎಂದು ತಮ್ಮನನ್ನು ಛೇಡಿಸಿದಳು.

ಕಾಕಾ ಅಷ್ಟರಲ್ಲಿ ಧೋತರದಲ್ಲೇ ನೀರಿಗಿಳಿದು ಡ್ರೈವರನ ಜೊತೆ, ಇನ್ನೂ ನೀರಲ್ಲೇ ಇದ್ದ ಹಿಂದಿನ ಗಾಲಿಯ ಹತ್ತಿರ ನಿಂತಿದ್ದ. ನಾನೂ ಹೋದೆ. ಟೈರಿನ ಒಳಮಗ್ಗುಲು ಸೇತುವೆಯ ಕಲ್ಲಿಗೆ ಉಜ್ಜಿ ಹೆರೆದುಹೋಗಿತ್ತು. ಡ್ರೈವರ್ ಬೀಡಿಗೆ ಮೂರು ಕಡ್ಡಿ ಗೀರಿದ, ಮೂರೂ ಮುರಿದವು. ಕಾಕಾ ಅವನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ತಾನೇ ಹಚ್ಚಿ ಕೊಟ್ಟ. ಆಮೇಲೆ ನಮ್ಮಿಬ್ಬರ ಕಡೆ ನೋಡಿ ಸಣ್ಣಗೆ ಹೇಳಿದ.

"ಗಾಡಿ ವಾಲಿದ್ದ ಯಾರ ಮುಂದೂ ಅನಬ್ಯಾಡ್ರಿ. ನಡು ಹೊಳ್ಯಾಗ ಅಪಶಕುನ ಆತು ಅಂತಾರ. ನನ್ನ ಹುಡುಗೀದು ಮುರೀತೈತಿ. ಮೊಸಳಿ ಇತ್ತು, ಅಷ್ಟ."

"ಆಮೇಲೆ ಖರೆ ಗೊತ್ತಾದ್ರ, ಕಾಕಾ?"

"ಲಗ್ನ ಆದ ಮ್ಯಾಲೆ ಗೊತ್ತಾಗಲಿ ಬಿಡು."

ಎರಡು ಸಂಬಂಧ ಮುರಿದ ಮನುಷ್ಯ ಹೀಗೆನ್ನುತ್ತಾನೆಂದರೆ ನನಗೇ ಅನುಮಾನ ಬಂತು. ಅದು ಅಂಟುರೋಗವಿರಬೇಕು. ಉಗಾರದ ಮನೆ ಮುಟ್ಟುವವರೆಗೂ, ಇವನ ಮನಸ್ಸಿನಲ್ಲಿ ಬೇರೆ ಏನಿದೆ ಎಂದು ಅವನನ್ನೇ ಓರೆಗಣ್ಣಿನಿಂದ ನೋಡುತ್ತಿದ್ದೆ.

ಮನೆ ಸಣ್ಣದು, ಅಚ್ಚುಕಟ್ಟಾಗಿತ್ತು. ಜಮಖಾನೆಯ ಮೇಲೆ ಒಂದು ಕಡೆ ಅವರು, ಒಂದು ಕಡೆ ನಾವು, ನಡುವೆ ಮಾತು ಗಟ್ಟಿ ಮಾಡುವ ಸಕ್ಕರೆಯ ತಾಟು. ಬಾಗಿಲ ಸಂದಿಯಲ್ಲಿ ತಂಗಿಯ ಹಸಿರು ಸೆರಗು ಕಾಣುತ್ತಿತ್ತು. ಹುಡುಗ ಬಂದು ಕೂತ. ಕಾಕಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಹೆಗಲ ಮೇಲಿನ ಟವೆಲ್ಲಿಗೆ ಕೈ ಹೋಯಿತು. ಅಥಣಿಯ ಹುಡುಗ ನೆನಪಾಗಿ ನಾನು ಅರ್ಧ ಎದ್ದೆ. ಅವನು ಅದರಿಂದ ಮುಖ ಒರೆಸಿಕೊಂಡ, ಅಷ್ಟೇ.

ಆದರೆ ಹುಡುಗನ ತಂದೆ ಸಜ್ಜನ. ಆಣೆಯ ವಿಷಯ ಅವರಿಗೇನು ಗೊತ್ತು? "ನೀವು ಹುಡುಗನ್ನ ಇವತ್ತs ನೋಡಾಕತ್ತೀರಿ. ಏನರ ವಿಚಾರಸೂದಿದ್ರ ವಿಚಾರಸ್ರಿ, ಸಂಕೋಚ ಬ್ಯಾಡ್ರಿ" ಎಂದುಬಿಟ್ಟರು.

ಬಾಗಿಲ ಸಂದಿಯ ಸೆರಗು ಅಲುಗಾಡಲಿಲ್ಲ. ಕಾಕು ಒಳಗಿನಿಂದ ಕೆಮ್ಮಿದಳು. ನಮ್ಮಪ್ಪ "ಏನಿಲ್ಲ ಬಿಡ್ರಿ" ಎನ್ನುವಷ್ಟರಲ್ಲಿ ಕಾಕಾ ಗಂಟಲು ಸರಿಮಾಡಿಕೊಂಡ.

"ಒಂದs ಮಾತ್ರಿ," ಎಂದ. ಹುಡುಗನ ಕಡೆ ತಿರುಗಿದ. "ತಮ್ಮಾ, ನಿನಗ ಈಸಾಕ ಬರತೈತೇನಪಾ?"

ಜಮಖಾನೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗ ಗಾಬರಿಯಾಗಿ ತಂದೆಯ ಕಡೆ ನೋಡಿ, ಆಮೇಲೆ ಹೇಳಿದ.

"ಬರತೈತ್ರಿ ಮಾವಾರ. ಹೊಳಿ ದಂಡಿಯಾಂವನs ನಾ. ಮಹಾಪೂರದಾಗ ಮಾತ್ರ ಬರೂದಿಲ್ರಿ. ಬರತೈತಿ ಅಂದ್ರ ಸುಳ್ಳ ಹೇಳಿದಂಗ ಆಕ್ಕೈತಿ."

ಇನ್ನು ಈಜಿ ತೋರಿಸು ಎನ್ನುತ್ತಾನೆ, ಎಲ್ಲರನ್ನೂ ಹೊಳೆಗೆ ಕರೆದೊಯ್ಯುತ್ತಾನೆ ಎಂದು ನಾನು ಕಾದೆ. ಕಾಕಾ ತಲೆ ಅಲ್ಲಾಡಿಸಿದ.

"ನನಗ ಬರೂದಿಲ್ಲಪಾ," ಎಂದ. "ಸ್ವಲ್ಪನೂ ಬರೂದಿಲ್ಲ. ಅದಕ್ಕs ಇಷ್ಟ ದಿನ ಅಕಿನ್ನ ದಂಡಿ ಮ್ಯಾಲೆ ಹಿಡಕೊಂಡ್ ನಿಂತಿದ್ನಿ. ಇನ್ನ ನೀ ನೋಡ್ಕೊ."

ಹುಡುಗನ ತಂದೆ ತಾಟನ್ನು ಮುಂದೆ ಸರಿಸಿದರು. ಆಗ ಬಾಗಿಲ ಸಂದಿಯ ಹಸಿರು ಸೆರಗು ಹೊರಗೆ ಬಂತು. ಹಿರಿಯರೆಲ್ಲ ಕೂತಿರುವಾಗ, ಇನ್ನೂ ಕರೆಯದಿರುವಾಗ ಹುಡುಗಿ ಹೀಗೆ ಬರುವ ಪದ್ಧತಿ ಇಲ್ಲ. ದೊಡ್ಡತ್ತೆ ಹುಬ್ಬೇರಿಸಿದಳು. ತಂಗಿ ಯಾರನ್ನೂ ನೋಡದೆ ಅಪ್ಪನ ಮುಂದೆ ಮೊಳಕಾಲೂರಿ ಕೂತು, ಹೊಳೆಯ ನೀರಲ್ಲಿ ನೆನೆದಿದ್ದ ಅವನ ಧೋತರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದಳು. ಕೆಂಪು ನೀರು ನೆಲಕ್ಕೆ ಇಳಿಯಿತು. ಇನ್ನೊಂದು ಅಂಚು ಹಿಡಿದಳು. ಕಾಕಾ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.